ಚನಿಯನ ನೀರು

ಶಾಲೆಯ ನಲ್ಲಿ ಮುರಿದವಳು ನಾನೇ. ಒಂದಲ್ಲ, ಮೂರು. ಅಂಗಳದ ಮುರಕಲ್ಲು ಎತ್ತಿ ಬಡಿದೆ. ನೀರು ಧ್ವಜದ ಕಟ್ಟೆಯವರೆಗೆ ಹರಿಯಿತು. ಯಾರು ಮಾಡಿದ್ದು ಎಂದು ಕೇಳಿದಾಗ ಕೈ ಎತ್ತಿದೆ. ಕೈ ಎತ್ತಿದ್ದಕ್ಕೆ ಸೊಕ್ಕು ಎಂದರು. ಎತ್ತದಿದ್ದರೆ ಕಳ್ಳಿ ಎನ್ನುತ್ತಿದ್ದರು.

ನನ್ನ ಹೆಸರು ಸ್ಪಂದನಾ. ಬೊಳ್ಳಡ್ಕದ ಕಾಲನಿಯವಳು. ಬೊಳ್ಳಡ್ಕ ಎಂದರೆ ಕಾರಡ್ಕದಿಂದ ಒಳಗೆ, ದಿನಕ್ಕೆ ನಾಲ್ಕು ಸಲ ಬಸ್ಸು ಬರುವ ಸಣ್ಣ ಪೇಟೆ. ಒಂದು ಕನ್ನಡ ಶಾಲೆ, ಒಂದು ರೇಶನ್ ಅಂಗಡಿ, ಸೊಸೈಟಿ ಬ್ಯಾಂಕು, ದೇವಸ್ಥಾನ, ಎರಡು ಹೋಟೆಲು. ಇಷ್ಟಕ್ಕೂ ನೀರು ಒಂದೇ ಕಡೆಯಿಂದ. ದೊಡ್ಡಮನೆಯವರ ಗುಡ್ಡದ ಸುರಂಗದಿಂದ.

ಸುರಂಗ ಎಂದರೆ ನಮ್ಮ ಕಡೆ ಅಡ್ಡಕ್ಕೆ ಅಗೆದ ಬಾವಿ. ಗುಡ್ಡದ ಹೊಟ್ಟೆಗೆ ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟೇ ಅಗಲ ಕೊರೆದು, ಒರತೆ ಸಿಕ್ಕುವವರೆಗೆ ಹೋಗುವುದು. ಮುಂದೆ ಒಬ್ಬ ಪಿಕ್ಕಾಸಿನಲ್ಲಿ ಅಗೆಯಬೇಕು. ಹಿಂದೆ ಒಬ್ಬರು ಮಣ್ಣನ್ನು ಬುಟ್ಟಿಗೆ ತುಂಬಿ ಹೊರಗೆ ಎಳೆಯಬೇಕು. ಗಾಳಿ ಇಲ್ಲ. ಬೆಳಕಿಲ್ಲ. ದೀಪ ಆರಿದರೆ ಉಸಿರೂ ಆರುತ್ತದೆ ಎಂದು ತಿಳಿದು ಹೊರಗೆ ಓಡಬೇಕು. ಅಗೆಯುವವರು ನಾವು. ಕುಡಿಯುವವರು ಅವರು.

ಆ ಸುರಂಗ ಅಗೆದದ್ದು ನನ್ನ ಅಜ್ಜ ಚನಿಯ. ನನ್ನ ಅಮ್ಮನ ಅಪ್ಪ. ಅರ್ಧ ಅಗೆದು ಓಡಿಹೋದ ಎಂದು ಪೇಟೆಯ ಕಥೆ. ಮೂವತ್ತೆಂಟು ವರ್ಷದ ಹಿಂದೆ, ಹೆಂಡತಿ ಹೆತ್ತು ಹನ್ನೊಂದು ದಿನ ಆಗಿದ್ದಾಗ, ಯಾವುದೋ ಹೆಂಗಸಿನ ಹಿಂದೆ ಕೊಡಗಿನ ಕಾಫಿ ತೋಟಕ್ಕೆ ಹೋದನಂತೆ. ಉಳಿದ ಕೆಲಸವನ್ನು ದೊಡ್ಡಮನೆಯ ಯಜಮಾನ ಜನಾರ್ದನ ಧನಿಗಳೇ ಮುಂದೆ ನಿಂತು ಮಾಡಿಸಿ ಊರಿಗೆ ನೀರು ಕೊಟ್ಟರಂತೆ. ಶಾಲೆಯ ಗೋಡೆಯಲ್ಲಿ ಹಾಗೆಯೇ ಬರೆದಿತ್ತು. 'ಜಲದಾನಿ ಜನಾರ್ದನ' ಎಂದು, ಹಳದಿ ಬಣ್ಣದಲ್ಲಿ.

ಹನ್ನೊಂದು ದಿನದ ಆ ಕೂಸು ನನ್ನ ಅಮ್ಮ ಹರಿಣಾಕ್ಷಿ. ಬಿಟ್ಟುಹೋದವನ ಹೆಂಡತಿ ಎಂದು ಹೆಸರು ಹೊತ್ತವಳು ನನ್ನ ಅಜ್ಜಿ ಮಾಂಕು. ಅಜ್ಜಿ ಹಾಲು ಸೋರುವ ಎದೆಯಲ್ಲೇ ದೊಡ್ಡಮನೆಯ ಹಟ್ಟಿಗೆ ಸೆಗಣಿ ಬಾಚಲಿಕ್ಕೆ ಹೋದಳು. ಬಾಯಾರಿದರೆ ಅಂಗಳದ ಹೊರಗೆ ತೆಂಗಿನ ಗೆರಟೆ ಹಿಡಿದು ನಿಲ್ಲಬೇಕಿತ್ತು. ಒಳಗಿನವರು ಬಂದು ಚೆಂಬನ್ನು ಎತ್ತರಕ್ಕೆ ಹಿಡಿದು ಹೊಯ್ಯುತ್ತಿದ್ದರು. ಅರ್ಧ ಗೆರಟೆಗೆ, ಅರ್ಧ ನೆಲಕ್ಕೆ. ಗಂಡ ಅಗೆದ ಸುರಂಗದ ನೀರು ಅದು.

ನಲ್ಲಿ ಮುರಿದ ದಿನ ಆದದ್ದು ಇಷ್ಟೆ. ನಾನು ಒಂಬತ್ತನೇ ಕ್ಲಾಸು. ನೀರು ಕುಡಿಯುತ್ತಿದ್ದೆ. ಹಿಂದೆ ನಿಂತಿದ್ದ ಸುಪ್ರೀತಾ, "ನಲ್ಲಿಗೆ ಬಾಯಿ ತಾಗಿಸ್ಬೇಡ, ನಮಗೂ ಕುಡೀಲಿಕ್ಕೆ ಉಂಟು" ಎಂದಳು. ನಾನು ಬಾಯಿ ತಾಗಿಸಿರಲಿಲ್ಲ. ಹಾಗೆಂದೆ. ಅವಳು, "ನಿನ್ನ ಅಜ್ಜ ಅರ್ಧಕ್ಕೆ ಬಿಟ್ಟು ಓಡಿದ ನೀರಲ್ವಾ, ಕುಡೀಲಿಕ್ಕೆ ನಾಚಿಕೆ ಆಗೂದಿಲ್ವಾ?" ಎಂದಳು. ಏಳೆಂಟು ಮಕ್ಕಳು ನಕ್ಕರು. ಅವಳ ಮೈಗೆ ಕೈ ಹಾಕಲಿಲ್ಲ. ನಲ್ಲಿ ಮುರಿದೆ. ಅವತ್ತಿನಿಂದ ಶಾಲೆಯ ನೀರು ನನ್ನ ಗಂಟಲಿಗೆ ಇಳಿದಿಲ್ಲ.

ನನ್ನನ್ನು ಹೆಡ್‌ಮಾಸ್ಟ್ರ ಕೋಣೆಗೆ ಕರೆದುಕೊಂಡು ಹೋದರು. ಹೆಡ್‌ಮಾಸ್ಟ್ರು ಎಂದರೆ ಕೇಶವಪ್ರಸಾದ ಮಾಸ್ಟ್ರು. ಜನಾರ್ದನ ಧನಿಗಳ ಒಬ್ಬನೇ ಮಗ. ಶಾಲೆಯ ಮ್ಯಾನೇಜರು ಅಪ್ಪ, ಹೆಡ್‌ಮಾಸ್ಟ್ರು ಮಗ, ಸಂಬಳ ಸರಕಾರದ್ದು. ಟಿ.ಸಿ. ಕೊಟ್ಟು ಕಳಿಸಿ ಎಂದು ಪಿ.ಟಿ.ಎ.ಯವರು ಹಟ ಹಿಡಿದರು. ಮಾಸ್ಟ್ರು ಬೇಡ ಎಂದರು.

"ಮಕ್ಕಳಲ್ವಾ. ನಲ್ಲಿ ಹೋದ್ರೆ ಬೇರೆ ಹಾಕುವ."

ಆಮೇಲೆ ನಾನು ಮಾಡಿದ್ದು ಒಂದೆರಡಲ್ಲ. ಗೋಡೆಯ ಹಳದಿ ಅಕ್ಷರಕ್ಕೆ ಕೆಸರು ಎರಚಿದೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಸುಪ್ರೀತಾಳ ನೀರಿನ ಬಾಟಲಿಯನ್ನು ಕಿಟಕಿಯಿಂದ ಎಸೆದೆ. ಪ್ರತಿ ಸಲವೂ ಮಾಸ್ಟ್ರು ಕ್ಷಮಿಸಿದರು. ನೋಟ್‌ಬುಕ್ ಕೊಟ್ಟರು. ಯೂನಿಫಾರ್ಮಿಗೆ ಬಟ್ಟೆ ಕೊಟ್ಟರು. ಒಮ್ಮೆಯೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಮೇಜಿನ ಮೇಲಿನ ಪೇಪರ್‌ವೇಟಿನ ಹತ್ತಿರ ಮಾತಾಡುತ್ತಿದ್ದರು. ಆ ಒಳ್ಳೆಯತನ ನನಗೆ ಪೆಟ್ಟಿಗಿಂತ ಜಾಸ್ತಿ ಉರಿಯುತ್ತಿತ್ತು. ನಾನು ಒಂದು ವಿಷಯ ಮಾತ್ರ ಗಮನಿಸಿದ್ದೆ. ಮಾಸ್ಟ್ರು ಶಾಲೆಯ ನೀರು ಕುಡಿಯುತ್ತಿರಲಿಲ್ಲ. ಅವರ ಚೀಲದಲ್ಲಿ ಯಾವಾಗಲೂ ಅಂಗಡಿಯಿಂದ ತಂದ ಸೀಲ್ ಬಾಟಲಿ. ಶಾಲೆಯ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಅಜೀರ್ಣ ಎಂದು ಹೇಳುತ್ತಿದ್ದರು. ಶ್ರೀಮಂತರ ಹೊಟ್ಟೆ ನಾಜೂಕು ಎಂದು ನಾನೂ ಬಿಟ್ಟುಬಿಟ್ಟೆ.

ನಾನು ಹತ್ತನೇ ಕ್ಲಾಸಿಗೆ ಬಂದಾಗ ಶಾಲೆಗೆ ಎಪ್ಪತ್ತೈದು ವರ್ಷ. ಫೆಬ್ರವರಿಯಲ್ಲಿ ಅಮೃತ ಮಹೋತ್ಸವ ಎಂದರು. ಬಂದವರಿಗೆಲ್ಲ ಸುರಂಗದ ನೀರಿನಲ್ಲೇ ಬೆಲ್ಲದ ಪಾನಕ ಎಂದರು. ಸುರಂಗದ ಹೂಳು ತೆಗೆಯಬೇಕಿತ್ತು. ಪ್ರತಿ ವರ್ಷ ಅದು ಅಮ್ಮನ ಕೆಲಸ. ಈ ಸಲ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ಪಿ.ಟಿ.ಎ. ಅಧ್ಯಕ್ಷ ಕೃಷ್ಣಕುಮಾರ ಬೈಕಿನಲ್ಲಿ ಬಂದು ನಮ್ಮ ಅಂಗಳದ ಹೊರಗೆ ನಿಂತ.

"ಹರಿಣಾಕ್ಷಿ, ಮಗಳನ್ನೂ ಕರ್ಕೊಂಡು ಬಾ. ನಲ್ಲಿ ಮುರಿದದ್ದಕ್ಕೆ ಒಂದು ಪ್ರಾಯಶ್ಚಿತ್ತವೂ ಆಯ್ತು. ನಿಮ್ಮವರಿಗೆ ಅಭ್ಯಾಸ ಉಂಟಲ್ಲ."

ಶಾಲೆಯ ಮಕ್ಕಳು ನೃತ್ಯ ಕಲಿಯುತ್ತಿದ್ದಾಗ ನಾನು ಸುರಂಗಕ್ಕೆ ಇಳಿದೆ. ನೀರು ಮೊಣಕಾಲಿಗೆ. ಕೈ ನೀಲಿಗಟ್ಟುವಷ್ಟು ತಣ್ಣಗೆ. ತಲೆ ಎತ್ತಿದರೆ ಮುರಕಲ್ಲು ತಾಗುತ್ತದೆ. ಬಾವಲಿಗಳು ಕಿವಿಯ ಹತ್ತಿರ ಹಾದುಹೋಗುತ್ತವೆ. ಅಮ್ಮ ಮುಂದೆ ಬಗ್ಗಿ ಹೂಳು ಬಾಚುವುದು, ನಾನು ಬುಟ್ಟಿಯನ್ನು ಹಿಂದಕ್ಕೆ ಎಳೆಯುವುದು. ಬುಟ್ಟಿ ತಲೆಗೆ ಏರಿಸಲಿಕ್ಕೆ ಜಾಗ ಇಲ್ಲ. ಹೊಟ್ಟೆಗೆ ಒತ್ತಿ ಹಿಡಿದು ಹಿಮ್ಮುಖ ನಡೆಯಬೇಕು. ಮೊದಲ ದಿನವೇ ಮೊಣಕೈಯ ಚರ್ಮ ಹೋಯಿತು. ಎರಡನೇ ದಿನ ಬೆನ್ನು ನೆಟ್ಟಗಾಗಲಿಲ್ಲ.

ಎಡಗಡೆಯ ಗೋಡೆಯಲ್ಲಿ ಐದೈದು ಕೋಲಿಗೆ ಒಂದೊಂದು ಸಣ್ಣ ಗೂಡು ಕೊರೆದಿತ್ತು. ಕೋಲು ಎಂದರೆ ಅಗೆಯುವವರ ಅಳತೆ, ಎರಡೂವರೆ ಅಡಿ ಹತ್ತಿರ. ಗೂಡಿನಲ್ಲಿ ದೀಪ ಇಡುವುದು. ಮೂವತ್ತೆಂಟು ವರ್ಷದ ಮಸಿ ಇನ್ನೂ ಅಂಟಿತ್ತು. ನಾನು ಅದನ್ನು ಮುಟ್ಟಿದೆ. ಬೆರಳು ಕಪ್ಪಾಯಿತು. ನನ್ನ ಅಜ್ಜನನ್ನು ನಾನು ಮುಟ್ಟಿದ್ದು ಅದೇ ಮೊದಲು.

ಮೂವತ್ತು ಕೋಲು ಆದ ಮೇಲೆ ಅಮ್ಮ ನಿಂತಳು.

"ಸಾಕು. ಇಲ್ಲಿಂದ ಮುಂದೆ ಹೋಗ್ಲಿಕ್ಕಿಲ್ಲ. ಮಣ್ಣು ಕುಸೀತದೆ ಅಂತ ಧನಿಗಳ ಕಟ್ಟಪ್ಪಣೆ."

"ನೀನು ಯಾವತ್ತೂ ಹೋಗ್ಲಿಲ್ವಾ?"

"ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ಕೆಲಸ ಕೊಡುವವರು ಹೋಗ್ಬೇಡ ಅಂದ್ರೆ ನಾವ್ಯಾಕೆ ಹೋಗ್ಬೇಕು?"

ಅಮ್ಮ ಹೊರಗೆ ಹೋದಳು. ನಾನು ಮುಂದೆ ಹೋದೆ. ನನಗೆ ಬೇಡ ಎಂದರೆ ಬೇಕು. ಶಾಲೆಯಲ್ಲಿ ಅದಕ್ಕೇ ನನಗೆ ಕೆಟ್ಟ ಹೆಸರು.

ಮೊಬೈಲಿನ ಬೆಳಕಿನಲ್ಲಿ ಹತ್ತು ಕೋಲು ನಡೆದೆ. ಸುರಂಗ ಮುಗಿಯಿತು. ಎದುರಿಗೆ ಕಲ್ಲು ಕಟ್ಟಿ ಸಿಮೆಂಟು ಬಳಿದ ಗೋಡೆ. ಗೋಡೆಯ ಬುಡದಲ್ಲಿ ಒಂದು ತೂತು. ಊರಿನ ನೀರು ಅಲ್ಲಿಂದ ಬರುತ್ತಿತ್ತು. ಬಂಡೆ ಸಿಕ್ಕಿತು, ಅಲ್ಲಿಗೆ ನಿಲ್ಲಿಸಿದೆವು ಎಂದು ಧನಿಗಳು ಹೇಳುತ್ತಿದ್ದದ್ದು ನನಗೆ ಗೊತ್ತಿತ್ತು. ಸರಿ ಎಂದು ತಿರುಗಿದೆ. ಆಗ ಎಡಗಡೆ ಕಣ್ಣಿಗೆ ಬಿತ್ತು.

ನಲವತ್ತನೇ ಕೋಲಿನ ಗೂಡು. ಅರ್ಧ ಈಚೆ. ಉಳಿದರ್ಧ ಸಿಮೆಂಟಿನ ಒಳಗೆ.

ಗೋಡೆ ಆಮೇಲೆ ಕಟ್ಟಿದ್ದು. ಗೂಡು ಮೊದಲೇ ಇತ್ತು. ಗೂಡು ಇದ್ದಲ್ಲಿ ದೀಪ ಇತ್ತು. ದೀಪ ಇದ್ದದ್ದು ಮುಂದೆ ಅಗೆಯಲಿಕ್ಕೆ. ಹಾಗಾದರೆ ಸುರಂಗ ಇಲ್ಲಿ ಮುಗಿದಿಲ್ಲ.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ವೀಳ್ಯ ಜಗಿಯುತ್ತಿದ್ದಳು. ಜಗಿಯುವುದು ನಿಂತಿತು. ಎದ್ದು ಒಳಗೆ ಹೋಗಿ, ಮರದ ಪೆಟ್ಟಿಗೆಯ ತಳದಿಂದ ಒಂದು ಅಂಗಿ ತಂದಳು. ನೀಲಿ ಗೀರಿನ ಅಂಗಿ. ಜೇಬಿನಲ್ಲಿ ಒಂದು ಬಾಚಣಿಗೆ, ಬೀಡಿಯ ಕಟ್ಟು.

"ಸುರಂಗಕ್ಕೆ ಇಳಿಯುವವ ಅಂಗಿ ಹಾಕ್ಕೊಂಡು ಇಳಿಯೂದಿಲ್ಲ ಮಗಾ. ಬಾಯಿಯ ಹತ್ತಿರ ಗೂಟಕ್ಕೆ ಸಿಕ್ಕಿಸಿ ಇಳಿಯೂದು. ಹೊರಗೆ ಅಂಗಿ ಉಂಟು ಅಂದ್ರೆ ಒಳಗೆ ಮನುಷ್ಯ ಇದ್ದಾನೆ ಅಂತ ಲೆಕ್ಕ. ಅಂವ ಓಡಿದ ಅಂತ ಹೇಳಿದ ಮರುದಿವಸ ಧನಿ ಆಳಿನ ಕೈಯಲ್ಲಿ ಈ ಅಂಗಿ ಕಳಿಸಿದ್ರು. ನಿನ್ನ ಗಂಡ ಬಿಟ್ಟುಹೋದದ್ದು, ತಗೋ ಅಂತ."

"ನೀನು ಕೇಳ್ಲಿಲ್ವಾ?"

"ಕೇಳಿದೆ. ಇದ್ದ ಒಂದೇ ಅಂಗಿ ಬಿಟ್ಟು, ಕೋಮಣದಲ್ಲಿ ಯಾರಾದ್ರೂ ಹೆಣ್ಣಿನ ಹಿಂದೆ ಕೊಡಗಿಗೆ ಹೋಗ್ತಾರಾ ಅಂತ ಕೇಳಿದೆ. ಧನಿಯ ಹತ್ರ ಕೇಳಿದೆ, ಪಂಚಾಯತಿನ ಮೆಂಬರನ ಹತ್ರ ಕೇಳಿದೆ. ಬಾಣಂತಿಗೆ ತಲೆ ಕೆಟ್ಟಿದೆ ಅಂದ್ರು. ಮಣ್ಣು ಎಳೆಯೂದು ನಾನೇ ಅಲ್ವಾ ಅವನ ಹಿಂದೆ? ಆ ಹನ್ನೊಂದು ದಿವಸ ನಾನು ಮನೆಯಲ್ಲಿ ಇದ್ದೆ. ಅಂವ ಒಬ್ಬನೇ ಇದ್ದ."

ಧನಿ ಮಾಡಿದ ತಪ್ಪು ಇಷ್ಟೆ. ಅಂಗಿಯನ್ನು ಸುಟ್ಟುಬಿಡಬೇಕಿತ್ತು. ಸುರಂಗದ ಬಾಯಿ ಎಲ್ಲಿ ಉಂಟೆಂದು ಧನಿಗೆ ಗೊತ್ತು. ಅಂಗಿ ಯಾಕೆ ಹೊರಗೆ ತೂಗುತ್ತದೆ ಎಂದು ಗೊತ್ತಿರಲಿಲ್ಲ. ಅಗೆದವರಿಗೆ ಮಾತ್ರ ಗೊತ್ತಿರುವ ವಿಷಯ ಅದು. ಮುಟ್ಟಬಾರದವನ ಬೆವರಿನ ಬಟ್ಟೆ ತನ್ನ ಜಾಗದಲ್ಲಿ ಬೇಡ ಎಂದು ಕಳಿಸಿಬಿಟ್ಟ.

ಅವತ್ತು ರಾತ್ರಿ ಉಣ್ಣುವಾಗ ಮಾಸ್ಟ್ರ ಬಾಟಲಿಯ ನೀರು ನೆನಪಾಯಿತು. ಪೇಪರ್‌ವೇಟು ನೆನಪಾಯಿತು.

ಮರುದಿನ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಮಾಸ್ಟ್ರು ಆಮಂತ್ರಣ ಪತ್ರಿಕೆಗಳಿಗೆ ವಿಳಾಸ ಬರೆಯುತ್ತಿದ್ದರು.

"ಮಾಸ್ಟ್ರೇ, ನೀವು ಶಾಲೆಯ ನೀರು ಯಾಕೆ ಕುಡಿಯೂದಿಲ್ಲ?"

ಪೆನ್ನು ನಿಂತಿತು.

"ಅಜೀರ್ಣ."

"ನಲವತ್ತನೇ ಕೋಲಿನ ಗೂಡು ಅರ್ಧ ಗೋಡೆಯ ಒಳಗೆ ಉಂಟು. ನಾನು ನೋಡಿ ಬಂದೆ."

ಅವರು ಮೊದಲ ಬಾರಿ ನನ್ನ ಮುಖ ನೋಡಿದರು. ಆಮೇಲೆ ಹೇಳಿದರು. ಯಾರಿಗಾದರೂ ಹೇಳಲಿಕ್ಕೆ ಕಾದು ಕೂತವರ ಹಾಗೆ ಹೇಳಿದರು.

"ನನಗೆ ಆಗ ಹತ್ತು ವರ್ಷ. ಚನಿಯ ಕೆಲಸ ಮಾಡುವಾಗ ನಾನು ಸುರಂಗದ ಬಾಯಿಯಲ್ಲಿ ಕೂತು ನೋಡ್ತಿದ್ದೆ. ಅವತ್ತು ಒಳಗೆ ದೊಡ್ಡ ಶಬ್ದ ಆಯ್ತು. ಮಣ್ಣು ಬಿತ್ತು. ಹಿಂದೆಯೇ ನೀರು ಬಂತು. ಅಷ್ಟು ದಿವಸ ಬಾರದ ನೀರು, ಕಾಲುವೆಯ ಹಾಗೆ. ಅಪ್ಪ ಓಡಿ ಬಂದ್ರು. ಒಳಗೆ ಹೋಗಿ ನೋಡಿದ್ರು. ಹೊರಗೆ ಬಂದು, ನೀರು ಸಿಕ್ಕಿತು, ಇನ್ನು ಮಣ್ಣು ಮುಟ್ಟಿದ್ರೆ ಒರತೆ ಹಾಳಾಗ್ತದೆ ಅಂದ್ರು."

"ಅಜ್ಜ?"

"ಒಳಗಿಂದ ಬಡಿಯುವ ಶಬ್ದ ಕೇಳ್ತಿತ್ತು. ಮರುದಿವಸ ಮಧ್ಯಾಹ್ನದವರೆಗೆ ಕೇಳ್ತಿತ್ತು. ಅಪ್ಪ ಬಾವಲಿ ಅಂದ್ರು. ನಾಲ್ಕನೇ ದಿವಸ ದೂರದಿಂದ ಮೇಸ್ತ್ರಿ ಕರೆಸಿ ಗೋಡೆ ಕಟ್ಟಿಸಿದ್ರು."

ಮೇಜಿನ ಅಂಚು ಹಿಡಿದು ನಿಂತಿದ್ದೆ. ಆ ಮನುಷ್ಯನ ಕುತ್ತಿಗೆ ನನ್ನ ಕೈಗೆ ಎಟಕುವಷ್ಟು ಹತ್ತಿರ ಇತ್ತು.

"ಬಾವಲಿ ಬಡಿಯೂದಿಲ್ಲ ಮಾಸ್ಟ್ರೇ."

"ಗೊತ್ತು. ಆವಾಗಲೂ ಗೊತ್ತಿತ್ತು." ಅವರ ಕಣ್ಣಿನಲ್ಲಿ ನೀರಿತ್ತು. "ನಾನು ಆ ನೀರು ಕುಡಿದಿಲ್ಲ ಸ್ಪಂದನಾ. ಮನೆಯಲ್ಲೂ ಇಲ್ಲ. ಬಾಟಲಿ ಸಿಗದ ಕಾಲದಲ್ಲಿ ಎಳನೀರು ಕುಡಿದು ಇದ್ದೆ. ಮೂವತ್ತೆಂಟು ವರ್ಷ."

ಅದನ್ನು ಅವರು ದೊಡ್ಡ ತ್ಯಾಗ ಎಂಬಂತೆ ಹೇಳಿದರು. ತಾವು ಕುಡಿಯಲಿಲ್ಲ, ಊರಿಗೆ ಕುಡಿಸಿದರು. ನನ್ನ ಅಜ್ಜಿಗೆ ಗೆರಟೆಯಲ್ಲಿ ಕುಡಿಸಿದರು. ಗಂಡನ ಮೇಲಿಂದ ಹರಿದ ನೀರನ್ನು ಹೆಂಡತಿಗೆ ಎತ್ತರದಿಂದ ಹೊಯ್ದರು. ನನಗೆ ನೋಟ್‌ಬುಕ್ ಕೊಟ್ಟರು.

"ಉತ್ಸವದ ದಿನ ಮೈಕಿನಲ್ಲಿ ನೀವೇ ಹೇಳ್ಬೇಕು. ಎಲ್ಲರ ಎದುರಿಗೆ."

"ಅಪ್ಪನಿಗೆ ಎಂಬತ್ತೆಂಟು. ಅವರ ಕಾಲ ಆಗ್ಲಿ. ಆಮೇಲೆ ನಾನೇ ಹೇಳ್ತೇನೆ, ದೇವರಾಣೆ. ಹತ್ತನೇ ಆದ ಮೇಲೆ ನಿನ್ನ ಪ್ಲಸ್ ವನ್ ಸೀಟು, ಅಮ್ಮನಿಗೆ ಶಾಲೆಯ ಅಡುಗೆ ಕೆಲಸ, ಎಲ್ಲ ನಾನು ನೋಡ್ಕೊಳ್ತೇನೆ. ಚನಿಯನ ಹೆಸರಲ್ಲಿ ಗೋಕರ್ಣದಲ್ಲಿ ಕರ್ಮವೂ ಮಾಡಿಸುವ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಓದಿದವರ ಪಶ್ಚಾತ್ತಾಪ ಹೀಗೆಯೇ.

"ಉತ್ಸವದ ದಿನ" ಎಂದೆ. "ನೀವು ಹೇಳದಿದ್ರೆ ನಾನು ಹೇಳ್ತೇನೆ." ಬಾಗಿಲು ತೆರೆದೇ ಬಿಟ್ಟು ಬಂದೆ.

ಮನೆಯಲ್ಲಿ ಅಮ್ಮ ಅತ್ತಳು. ಬೇಡ, ಅವರ ಬಾಯಿಗೆ ಬೀಳುವುದು ಬೇಡ, ಸತ್ತವರು ಬರುತ್ತಾರಾ ಎಂದಳು. ನನ್ನ ಅಪ್ಪ, ಶಿರಿಯದ ಹೊಳೆಯಲ್ಲಿ ಹೊಯ್ಗೆ ತೆಗೆಯುವ ಕೆಲಸಕ್ಕೆ ಹೋದವರು, ಫೋನಿನಲ್ಲಿ, "ಪೊಲೀಸು ಗಿಲೀಸು ನಮಗಾಗೂದಲ್ಲ" ಎಂದರು. ಅಜ್ಜಿ ಅಳಲಿಲ್ಲ. ಅವಳು ಅಂಗಿಯನ್ನು ಒಗೆದು, ಬೇಲಿಯ ಮೇಲೆ ಒಣಗಿಸಿ, ಮಡಚಿ ಇಟ್ಟಳು.

"ಉಪ್ಪು ತಿಂದವ ನೀರು ಕುಡೀಲೇಬೇಕು" ಎಂದಳು.

ಉತ್ಸವದ ದಿನ ಬಿಸಿಲು ಜೋರು. ಶಾಮಿಯಾನದ ಕೆಳಗೆ ಊರಿಗೆ ಊರೇ ಕೂತಿತ್ತು. ಕುಂಬ್ಡಾಜೆಯಿಂದ, ಮುಳ್ಳೇರಿಯದಿಂದ ಹಳೆ ವಿದ್ಯಾರ್ಥಿಗಳು ಬಂದಿದ್ದರು. ವೇದಿಕೆಯಲ್ಲಿ ಜನಾರ್ದನ ಧನಿಗಳು, ಗಾಲಿಕುರ್ಚಿಯಲ್ಲಿ, ಶಾಲು ಹೊದ್ದು. ಮೂರು ಕಡಾಯಿ ಪಾನಕ. ಹೆಣ್ಣುಮಕ್ಕಳು ಸೀರೆ ಉಟ್ಟು ಟ್ರೇ ಹಿಡಿದು ಹಂಚಿದರು. ನಾನು ಹಿಂದೆ, ನಲ್ಲಿಕಟ್ಟೆಯ ಹತ್ತಿರ ಲೋಟ ತೊಳೆಯುವ ಕಡೆ. ಕೃಷ್ಣಕುಮಾರನ ಏರ್ಪಾಡು ಅದು.

ಮೊದಲ ಲೋಟ ಧನಿಗಳಿಗೆ. ಎರಡೂ ಕೈಯಲ್ಲಿ ಹಿಡಿದು ಕುಡಿದರು. ಚಪ್ಪಾಳೆ. ಎರಡನೆಯದು ದೇವಸ್ಥಾನದ ಅರ್ಚಕರಿಗೆ. ಆಮೇಲೆ ಎಲ್ಲರಿಗೂ.

ಕೇಶವಪ್ರಸಾದ ಮಾಸ್ಟ್ರು ಮೈಕಿಗೆ ಬಂದರು. ನಾನು ಕೈ ಒರೆಸಿಕೊಂಡು ಶಾಮಿಯಾನದ ಬದಿಗೆ ಬಂದು ನಿಂತೆ. ಅವರು ನನ್ನನ್ನು ಕಂಡರು. ಕಾಗದ ಮಡಚಿದರು. ಬಾಯಿ ತೆರೆದರು. ಒಂದು ಕ್ಷಣ ನಾನು ನಂಬಿದೆ.

"ಈ ಊರಿಗೆ ನೀರು ಕೊಟ್ಟ ನನ್ನ ತೀರ್ಥರೂಪರಿಗೆ..." ಎಂದರು. ಮುಂದಿನದು ನನಗೆ ಕೇಳಲಿಲ್ಲ.

ಆಗಲೇ ಹೇಳಬಹುದಿತ್ತು. ಇನ್ನೂರು ಜನ ಇನ್ನೂ ಕುಡಿದಿರಲಿಲ್ಲ. ಸುಪ್ರೀತಾಳ ಕೈಯಲ್ಲಿ ಲೋಟ ತುಂಬಿತ್ತು. ನಾನು ಹೇಳಲಿಲ್ಲ. ವಾಪಸು ಹೋಗಿ ಲೋಟ ತೊಳೆದೆ. ಎಲ್ಲರೂ ಕುಡಿಯಲಿ ಎಂದು ಕಾದೆ. ಒಬ್ಬರೂ ಬಾಕಿ ಉಳಿಯಬಾರದು. ಅದು ಕೆಟ್ಟ ಬುದ್ಧಿ ಎಂದು ಆಮೇಲೆ ಬಹಳ ಜನ ಹೇಳಿದರು. ಹೌದು, ಕೆಟ್ಟ ಬುದ್ಧಿ. ಆ ಬುದ್ಧಿ ನನಗೆ ಆ ನೀರಿನಿಂದಲೇ ಬಂದದ್ದು.

ಕಡಾಯಿ ಮಗುಚಿದ ಮೇಲೆ ಅಜ್ಜಿಯನ್ನು ಕರೆದುಕೊಂಡು ಬಂದೆ. ಎಪ್ಪತ್ತರ ಹತ್ತಿರದ ಮುದುಕಿ, ಬೆನ್ನು ಬಾಗಿದೆ, ಕೈಯಲ್ಲಿ ಒಂದು ಹಳೆಯ ಅಂಗಿ. ಯಾರೂ ತಡೆಯಲಿಲ್ಲ. ಧನಿಗಳ ಕಾಲಿಗೆ ಬೀಳಲಿಕ್ಕೆ ಬಂದಳು ಎಂದು ತಿಳಿದರು. ದಾರಿ ಬಿಟ್ಟರು. ಅಜ್ಜಿ ವೇದಿಕೆ ಹತ್ತಿ ಅಂಗಿಯನ್ನು ಗಾಲಿಕುರ್ಚಿಯ ಹಿಡಿಗೆ ಸಿಕ್ಕಿಸಿದಳು. ಗೂಟಕ್ಕೆ ಸಿಕ್ಕಿಸುವ ಹಾಗೆ.

"ಧನಿ, ಅಂಗಿ ಹೊರಗೆ ಉಂಟು. ನನ್ನ ಗಂಡ ಒಳಗೆ ಇದ್ದಾನೆ."

ನಾನು ಮೈಕು ಹಿಡಿದೆ. ಉದ್ದ ಮಾತಾಡಲಿಲ್ಲ. ಚನಿಯ ಓಡಿಹೋಗಲಿಲ್ಲ ಎಂದೆ. ಮಣ್ಣಿನ ಅಡಿಗೆ ಬಿದ್ದ, ಜೀವ ಇತ್ತು, ಬಡಿಯುತ್ತಿದ್ದ, ಬಿಟ್ಟುಬಿಟ್ಟರು ಎಂದೆ. ನಲವತ್ತನೇ ಕೋಲಿನಲ್ಲಿ ಗೋಡೆ ಕಟ್ಟಿದರು, ಗೋಡೆಯ ಆಚೆ ಅವನು ಇದ್ದಾನೆ ಎಂದೆ.

"ನೀವು ಮೂವತ್ತೆಂಟು ವರ್ಷದಿಂದ ಕುಡಿಯೂದು ಅವನ ಎಲುಬು ತೊಳೆದ ನೀರು. ಈಗ ಕುಡಿದದ್ದೂ ಅದೇ. ಬೆಲ್ಲ ಸರಿ ಇತ್ತಾ?"

ಕೃಷ್ಣಕುಮಾರ ಎದ್ದ.

"ಇದು ಹುಚ್ಚು ಹುಡುಗಿ. ಶಾಲೆಗೇ ತಲೆನೋವು. ನಲ್ಲಿ ಮುರಿದವಳು ಇವಳೇ. ಮೈಕ್ ಆಫ್ ಮಾಡಿ ಮಾರಾಯ್ರೇ."

"ಆಫ್ ಮಾಡಿ" ಎಂದೆ. "ಸುಳ್ಳಾದ್ರೆ ಮಾಸ್ಟ್ರು ಒಂದು ಲೋಟ ಕುಡಿದು ತೋರಿಸ್ಲಿ."

ಅಧ್ಯಕ್ಷರ ಮೇಜಿನಲ್ಲಿ ಒಂದು ಹೂಜಿ ಸುರಂಗದ ನೀರಿತ್ತು. ಲೋಟಕ್ಕೆ ಹೊಯ್ದು ಮಾಸ್ಟ್ರ ಎದುರಿಗೆ ಹಿಡಿದೆ. ಊರೆಲ್ಲ ನೋಡುತ್ತಿತ್ತು. ಅವರು ಲೋಟ ತೆಗೆದುಕೊಂಡರು. ತುಟಿಯವರೆಗೆ ತಂದರು. ನೀರು ಗಲ್ಲದಲ್ಲಿ ಇಳಿದು ಬಿಳಿ ಅಂಗಿ ಒದ್ದೆಯಾಯಿತು. ಬಾಯಿಯೊಳಗೆ ಒಂದು ಹನಿ ಹೋಗಲಿಲ್ಲ. ಲೋಟ ಕೆಳಗೆ ಬಿತ್ತು. ಮಾಸ್ಟ್ರು ವೇದಿಕೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡರು.

ಅಷ್ಟು ಸಾಕಿತ್ತು.

ಅರ್ಚಕರು ಮೊದಲು ವಾಂತಿ ಮಾಡಿದರು. ಆಮೇಲೆ ಸಾಲುಸಾಲು. ಶಾಲೆಯ ಬೇಲಿಯ ಉದ್ದಕ್ಕೂ ಗಂಡಸರು, ಹೆಂಗಸರು ಗಂಟಲಿಗೆ ಬೆರಳು ಹಾಕಿ ನಿಂತಿದ್ದರು. ದೇವರ ಅಭಿಷೇಕದ ಗತಿ ಏನು ಎಂದು ಒಬ್ಬರು ಕೇಳಿದರು. ಶುದ್ಧಿಗೆ ಬ್ರಹ್ಮಕಲಶ ಆಗಬೇಕು ಎಂದು ಇನ್ನೊಬ್ಬರು. ಒಬ್ಬನನ್ನು ಜೀವಂತ ಹೂತರಲ್ಲ ಎಂದು ಯಾರೂ ಕೇಳಲಿಲ್ಲ. ಯಾರ ಎಲುಬು ಎನ್ನುವುದೇ ಅವರಿಗೆ ಹೇಸಿಗೆ. ನಾನು ನೋಡುತ್ತ ನಿಂತೆ. ನನಗೆ ಸಂತೋಷ ಆಯಿತು. ಹೊಟ್ಟೆ ತುಂಬ ಉಂಡಷ್ಟು ಸಂತೋಷ. ಅದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಮೂರನೇ ದಿನ ತಹಶೀಲ್ದಾರರು, ಪೊಲೀಸರು, ಫೈರ್‌ಫೋರ್ಸಿನವರು ಬಂದರು. ಸುರಂಗದ ಒಳಗೆ ಹೋಗಲಿಕ್ಕೆ ಫೈರ್‌ಫೋರ್ಸಿನ ಹುಡುಗರು ಹಿಂದೆಮುಂದೆ ನೋಡಿದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಿಕ್ಕಾಸು ತೆಗೆದುಕೊಂಡಳು. ಬೇಡ ಬೇಡ ಎಂದು ಅತ್ತ ಅಮ್ಮನೇ.

"ಇದು ನಮ್ಮ ಕೆಲಸ" ಎಂದಳು. "ಅಭ್ಯಾಸ ಉಂಟು."

ಗೋಡೆ ಒಡೆದಳು. ಆಚೆ ಕುಸಿದ ಮಣ್ಣು. ನಾನು ಬುಟ್ಟಿ ಎಳೆದೆ. ಒಂದೂವರೆ ಕೋಲು ಮಣ್ಣು ತೆಗೆದ ಮೇಲೆ ಟೊಳ್ಳು ಸಿಕ್ಕಿತು. ಅಜ್ಜ ಅಲ್ಲಿದ್ದ. ನೀರು ಅವನ ನಡುವೆಯೇ ಹಾದು ಬರುತ್ತಿತ್ತು. ಪಿಕ್ಕಾಸಿನ ಕಬ್ಬಿಣ ನಮ್ಮ ಕಡೆಗೆ ಮುಖ ಮಾಡಿತ್ತು. ಕುಸಿದ ಮಣ್ಣನ್ನು ಅವನು ಆ ಕಡೆಯಿಂದ ಅಗೆದಿದ್ದ. ಎರಡು ಕೋಲು ಅಗೆದಿದ್ದ. ದೀಪ ಇಲ್ಲದೆ, ಅನ್ನ ಇಲ್ಲದೆ, ಹೊರಗೆ ಬರಲಿಕ್ಕೆ. ಒಂದೂವರೆ ಕೋಲು ಉಳಿದಿತ್ತು. ಈ ಕಡೆಯಿಂದ ಇಬ್ಬರು ಆಳುಗಳು ಅರ್ಧ ದಿವಸ ಅಗೆದಿದ್ದರೆ ಸಾಕಿತ್ತು.

ಅಮ್ಮ ತನ್ನ ಅಪ್ಪನನ್ನು ನೋಡಿದ್ದು ಅದೇ ಮೊದಲು. ಅವಳು ಬುಟ್ಟಿಗೆ ತನ್ನ ಸೀರೆಯ ಸೆರಗು ಹಾಸಿದಳು.

ಕೇಸು ಆಯಿತು. ಧನಿಗೆ ಪ್ರಾಯ ಆಯಿತು, ಮನೆಯಲ್ಲೇ ಇರಲಿ ಎಂದು ಬಿಟ್ಟರು. ನಮ್ಮವ ಆಗಿದ್ದರೆ ಬಿಡುತ್ತಿದ್ದರಾ ಎಂದು ನಾನು ಕೇಳಿದೆ. ಕಾನೂನು ಎಂದರು. ಮಾಸ್ಟ್ರನ್ನು ಸಸ್ಪೆಂಡ್ ಮಾಡಿದರು. ಗೋಡೆಯ ಹಳದಿ ಅಕ್ಷರಕ್ಕೆ ಸುಣ್ಣ ಬಳಿದರು. ಊರಿನವರು ಸುರಂಗದ ಪೈಪು ಕಿತ್ತು ಹಾಕಿದರು, ಬಾಯಿಗೆ ಮಣ್ಣು ತುಂಬಿದರು. ಮಾರ್ಚ್ ಬಂತು. ಪಂಚಾಯತಿನ ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರತೊಡಗಿತು. ಸುಪ್ರೀತಾಳ ಅಮ್ಮ ಕೊಡ ಹಿಡಿದು ಬಿಸಿಲಿನಲ್ಲಿ ನಿಲ್ಲುವುದನ್ನು ನಾನು ಪರೀಕ್ಷೆಗೆ ಹೋಗುವಾಗ ದಿನವೂ ನೋಡುತ್ತಿದ್ದೆ.

ನಮಗೆ ಟ್ಯಾಂಕರ್ ಬೇಡ. ಕಾಲನಿಯ ಹಿಂದೆ ಒಂದು ಸಣ್ಣ ಸುರಂಗ ಉಂಟು. ಹನ್ನೊಂದು ಕೋಲು. ಮದುವೆಯಾದ ವರ್ಷ ಅಜ್ಜಿಗೋಸ್ಕರ ಅಜ್ಜ ಅಗೆದದ್ದು. ಆ ನೀರನ್ನು ಪೇಟೆಯವರು ಯಾರೂ ಯಾವತ್ತೂ ಬಾಯಿಗೆ ಹಾಕಿದವರಲ್ಲ.

ಒಂದು ಮಧ್ಯಾಹ್ನ ಕೇಶವಪ್ರಸಾದ ಮಾಸ್ಟ್ರು ಗುಡ್ಡ ಹತ್ತಿ ಬಂದರು. ಗಡ್ಡ ಬಿಟ್ಟಿದ್ದರು. ಕೈಯಲ್ಲಿ ಒಂದು ಖಾಲಿ ಬಾಟಲಿ. ಅಂಗಳದ ಹೊರಗೆ ನಿಂತರು. ಒಳಗೆ ಬನ್ನಿ ಎಂದು ನಾವು ಹೇಳಲಿಲ್ಲ.

"ಅಪ್ಪನಿಗೆ ಕೊನೆಗಾಲ" ಎಂದರು. "ಅಂಗಡಿಯ ನೀರು ಕೊಟ್ರೆ ಉಗುಳ್ತಾರೆ. ಟ್ಯಾಂಕರಿನದ್ದೂ ಆಗೂದಿಲ್ಲ. ಸುರಂಗದ ನೀರೇ ಬೇಕು ಅಂತ ಒಂದೇ ಹಟ. ನಾಲ್ಕು ದಿವಸ ಆಯ್ತು ಗಂಟಲಲ್ಲಿ ಒಂದು ಹನಿ ಇಳಿದು. ಬೇರೆ ಎಲ್ಲಿಯೂ ಇಲ್ಲ. ನಿಮ್ಮದರಿಂದ ಒಂದು ಬಾಟಲಿ..."

ಅಮ್ಮ ನನ್ನನ್ನು ನೋಡಿದಳು. ನಾನು ಅಜ್ಜಿಯನ್ನು ನೋಡಿದೆ. ಇಲ್ಲ ಎಂದು ಹೇಳಬೇಕೆಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ಧನಿಯೂ ಬಡಿಯಲಿ, ಬಾವಲಿ ಎಂದು ನಾವೂ ಹೇಳುವ ಎಂದು ಇತ್ತು.

ಅಜ್ಜಿ ಎದ್ದು ಒಳಗೆ ಹೋದಳು. ಹಿಂದಿನ ಮಾಡಿಗೆ ಸಿಕ್ಕಿಸಿಟ್ಟಿದ್ದ ಗೆರಟೆ ತಂದಳು. ಮೂವತ್ತು ವರ್ಷ ದೊಡ್ಡಮನೆಯ ಅಂಗಳದ ಹೊರಗೆ ಹಿಡಿದದ್ದು, ಉಜ್ಜಿ ಉಜ್ಜಿ ಕಪ್ಪಾಗಿ ಹೊಳೆಯುವ ಗೆರಟೆ.

"ಬಾಟಲಿ ಚೀಲದಲ್ಲಿ ಇಡಿ ಮಾಸ್ಟ್ರೇ" ಎಂದಳು. "ಇದನ್ನು ಹಿಡೀರಿ. ಕೆಳಗೆ. ಇನ್ನೂ ಕೆಳಗೆ."

ಅವರು ಬಗ್ಗಿದರು. ಎರಡೂ ಕೈಯಲ್ಲಿ ಗೆರಟೆ ಹಿಡಿದರು. ಅಜ್ಜಿ ಚೆಂಬನ್ನು ನನ್ನ ಕೈಗೆ ಕೊಟ್ಟಳು. ಹೇಗೆ ಎಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಮೆಟ್ಟಿಲಿನ ಮೇಲೆ ನಿಂತು, ಕೈ ಎತ್ತಿ, ಎತ್ತರದಿಂದ ಹೊಯ್ದೆ. ಅರ್ಧ ಗೆರಟೆಗೆ ಬಿತ್ತು. ಅರ್ಧ ಅವರ ಮೊಣಕೈಗೆ, ಕಾಲಿಗೆ, ನೆಲಕ್ಕೆ.

"ಇದರಲ್ಲೇ ಕುಡಿಸ್ಬೇಕು" ಎಂದಳು ಅಜ್ಜಿ. "ಚನಿಯನ ನೀರು ಅಂತ ಹೇಳಿ ಕುಡಿಸ್ಬೇಕು."

ಮಾಸ್ಟ್ರು ತಲೆಯಾಡಿಸಿದರು. ಗೆರಟೆಯನ್ನು ಎದೆಯ ಹತ್ತಿರ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಗುಡ್ಡ ಇಳಿದರು. ಮುರಕಲ್ಲಿನ ದಾರಿಯಲ್ಲಿ ತುಳುಕಿದ ಹನಿಯ ಗುರುತು ಬಿದ್ದು ಬಿಸಿಲಿಗೆ ಆಗಲೇ ಆರುತ್ತಿತ್ತು. ದೊಡ್ಡಮನೆಗೆ ಅಲ್ಲಿಂದ ಅರ್ಧ ಮೈಲು. ತಲುಪುವಾಗ ಗೆರಟೆಯಲ್ಲಿ ಎಷ್ಟು ಉಳಿಯಿತೋ, ಏನೂ ಉಳಿಯಲಿಲ್ಲವೋ, ನನಗೆ ಗೊತ್ತಿಲ್ಲ. ನಾನು ನೋಡಲಿಕ್ಕೆ ಹೋಗಲಿಲ್ಲ. ಚೆಂಬಿನಲ್ಲಿ ಉಳಿದದ್ದನ್ನು ಕುಡಿದೆ.